ಅಂಕಿ ಆ್ಯಪ್, ಮೂರು ವರ್ಷದ ನಂತರ: ‘ಜವಾಬ್ದಾರಿ’ಗೆ ಜಪಾನಿಯಲ್ಲಿ ಎಷ್ಟು ಪದ!

ಜಪಾನಿನ ನಗೋಯದ ಆಫೀಸಿಗೆ ಸೇರಿದ ವಾರವೇ, ಪದ ಕಲಿಯಲು ಫೋನಿಗೆ ಅಂಕಿ ಹಾಕಿಕೊಂಡೆ. ನಮ್ಮ ಅಂಕಿಸಂಖ್ಯೆಯ ಅಂಕಿ ಅಲ್ಲ, ಜಪಾನಿಯಲ್ಲಿ ಅಂಕಿ ಅಂದರೆ ಬಾಯಿಪಾಠ. ಒಂದು ಬದಿ ಪದ, ಇನ್ನೊಂದು ಬದಿ ಅರ್ಥ ಬರೆದ ಕಾರ್ಡುಗಳು ಇದರಲ್ಲಿ; ಇನ್ನೇನು ಮರೆಯಬೇಕು ಅನ್ನುವಾಗ ಆ ಕಾರ್ಡನ್ನು ಮತ್ತೆ ಮುಂದೆ ತಂದಿಡುತ್ತದೆ. ಕಂಪ್ಯೂಟರಿಗೂ ಆಂಡ್ರಾಯ್ಡಿಗೂ ಪುಕ್ಕಟೆ, ಐಫೋನಿಗೆ ಒಂದು ಸಲ ದುಡ್ಡು ಕೊಡಬೇಕು. ಮೂರು ವರ್ಷದಿಂದ ಬೆಳಗಿನ ರೈಲಿನಲ್ಲಿ ಇಪ್ಪತ್ತು ನಿಮಿಷ ಇದರದ್ದೇ ಕೆಲಸ.

ಆ್ಯಪ್ ಬಗ್ಗೆ ದೂರಿಲ್ಲ. ನಾನು ಎಡವಿದ್ದು ಕಾರ್ಡುಗಳಲ್ಲಿ. ಯಾರೋ ಮಾಡಿ ಹಂಚಿದ್ದ ಆಫೀಸ್ ಪದಗಳ ಕಟ್ಟನ್ನು ಸುಮ್ನೆ ಇಳಿಸಿಕೊಂಡಿದ್ದೆ. ಅದರಲ್ಲಿ ‘ತಾಂತೋಶಾ’ಗೂ ‘ಸೆಕಿನಿನ್‌ಶಾ’ಗೂ ಒಂದೇ ಅರ್ಥ ಕೊಟ್ಟಿದ್ದರು: ಜವಾಬ್ದಾರಿ ಹೊತ್ತವರು. ಒಂದು ದಿನ ಬಿಡಿಭಾಗ ಬರುವುದು ತಡವಾಯಿತು. ಸಪ್ಲೈಯರಿಗೆ ಫೋನ್ ಮಾಡಿ, ‘ಸೆಕಿನಿನ್‌ಶಾ ಯಾರು?’ ಅಂತ ಕೇಳಿಬಿಟ್ಟೆ. ಆ ಕಡೆ ಉಸಿರೇ ಇಲ್ಲ. ಆಮೇಲೆ ಕ್ಷಮೆಯ ಮೇಲೆ ಕ್ಷಮೆ! ನನಗೆ ಬೇಕಿದ್ದದ್ದು ಆ ಆರ್ಡರ್ ನೋಡಿಕೊಳ್ಳುವವರು, ಅಂದರೆ ತಾಂತೋಶಾ. ಸೆಕಿನಿನ್‌ಶಾ ಅಂದರೆ ತಪ್ಪಾದಾಗ ತಲೆ ಕೊಡಬೇಕಾದ ಮೇಲಿನವರು. ರೇಗಿದ ಗಿರಾಕಿ ‘ಕರೀರಿ ನಿಮ್ಮ ಮ್ಯಾನೇಜರ್‌ನ’ ಅಂದ ಹಾಗೆ ಕೇಳಿಸಿರಬೇಕು ನನ್ನ ಮಾತು.

ಅವತ್ತೇ ರಾತ್ರಿ ಆ ಕಟ್ಟನ್ನು ಅಳಿಸಿ, ನಾನೇ ಕನ್ನಡದಲ್ಲಿ ಕಾರ್ಡು ಬರೆಯತೊಡಗಿದೆ. ನಮ್ಮಲ್ಲೂ ಒಂದೊಂದಕ್ಕೆ ಒಂದೊಂದು ಮಾತಿದೆ ಅಲ್ವಾ? ‘ತೋಬಾನ್’ ಅಂದರೆ ಸರದಿ. ಶುಕ್ರವಾರ ನನ್ನದು ‘ಸೋಜಿ ತೋಬಾನ್’, ಗುಡಿಸಿ ಒರೆಸುವ ಸರದಿ. ‘ಗಿಮು’ ಅಂದರೆ ಮಾಡಲೇಬೇಕಾದ್ದು. ಜಪಾನಿನ ಸಂವಿಧಾನದಲ್ಲಿ ತೆರಿಗೆ ಕಟ್ಟುವುದು, ದುಡಿಯುವುದು, ಮಕ್ಕಳನ್ನು ಓದಿಸುವುದು ಮೂರೂ ಗಿಮು. ‘ಹಿಕಿತ್ಸುಗಿ’ ಮಾತ್ರ ಬಹಳ ದಿನ ತಲೆಗೆ ಹತ್ತಲಿಲ್ಲ. ಕೊನೆಗೆ ‘ಚಾರ್ಜ್ ವಹಿಸಿಕೊಡುವುದು’ ಅಂತ ಬರೆದೆ. ಅಪ್ಪ ಸರ್ಕಾರಿ ಕಚೇರಿಯಲ್ಲಿದ್ದವರು, ವರ್ಗವಾದಾಗಲೆಲ್ಲ ಮನೆಯಲ್ಲಿ ಕೇಳಿದ ಮಾತು. ಮತ್ತೆ ಮರೆತಿಲ್ಲ.

ಒಂದೇ ಏಟಿಗೆ ಹತ್ತಿದ್ದು ‘ಹೋರೆನ್‌ಸೋ’. ಹೋಕೋಕು, ರೆನ್‌ರಾಕು, ಸೋದಾನ್, ಅಂದರೆ ವರದಿ ಒಪ್ಪಿಸು, ವಿಷಯ ಮುಟ್ಟಿಸು, ಸಲಹೆ ಕೇಳು. ಮೂರರ ಮೊದಲಕ್ಷರ ಸೇರಿಸಿದರೆ ಪಾಲಕ್ ಸೊಪ್ಪಿನ ಹೆಸರು! ಹೊಸಬರಿಗೆ ಇಲ್ಲಿ ಮೊದಲು ಉಣಿಸುವುದೇ ಈ ಸೊಪ್ಪು.

ಕಿರಿಕಿರಿ ಇಲ್ಲವೆಂದಲ್ಲ. ಕಾರ್ಡು ಬರೆಯಲು ಟೈಮ್ ಜಾಸ್ತಿ ಬೇಕು. ಆ್ಯಪ್ ನೋಡಲು ಸಪ್ಪೆ. ಊರಿಗೆ ಹೋಗಿ ಎರಡು ವಾರ ಮುಟ್ಟದೆ ಇದ್ದದ್ದಕ್ಕೆ 900 ಕಾರ್ಡು ಬಾಕಿ ಬಿದ್ದಿದ್ದವು. ತೆರೆದು ನೋಡಿ, ಮುಚ್ಚಿ, ರೈಲಿನಲ್ಲಿ ನಿದ್ದೆ ಮಾಡಿದೆ. ಮಾರನೇ ದಿನದಿಂದ ನೂರು ನೂರರಂತೆ ತೀರಿಸಿದೆ.

ಹಾಕಿಕೊಳ್ಳಿ ಅಂತಲೇ ಹೇಳುತ್ತೇನೆ. ಕಾರ್ಡು ಮಾತ್ರ ನೀವೇ ಬರೆದುಕೊಳ್ಳಿ, ನನ್ನದನ್ನೂ ಕೇಳಬೇಡಿ.