ಪಂಜರದಿಂದ ಬಿಡಿಸಿ ತಂದ ಹೇಂಟೆಗಳಿಗೆ ಯಾವ ಮೇವು?

ಮೊಟ್ಟೆ ಫಾರಂನಿಂದ ತಂದ ನಾಲ್ಕು ಹೇಂಟೆಗಳಿಗೆ ಲೇಯರ್ ಮ್ಯಾಶ್ (ಮೊಟ್ಟೆ ಕೋಳಿಗೆಂದೇ ಮಾಡಿದ ಪುಡಿ ಮೇವು), ಮನೆಯ ಕಾಳು, ಅಜೋಲಾ (ನೀರಿನ ಮೇಲೆ ತೇಲಿ ಬೆಳೆಯುವ ಪುಟ್ಟ ಹಸಿರು ಗಿಡ) ಇವುಗಳಲ್ಲಿ ಯಾವುದು ಅಂತ ಕೇಳಿದ್ದೀರಿ.

ಖರ್ಚು ಮೊದಲು. ಹೇಂಟೆಯೊಂದಕ್ಕೆ ದಿನಕ್ಕೆ 110–120 ಗ್ರಾಂ ಮೇವು, ನಾಲ್ಕಕ್ಕೆ ತಿಂಗಳಿಗೆ ಸುಮಾರು 14 ಕೆಜಿ. ಮ್ಯಾಶ್‌ನ 50 ಕೆಜಿ ಮೂಟೆ ಅಗ್ಗವಾದರೂ ಮೂರು ತಿಂಗಳಿಗೂ ಮುಗಿಯದು. ಮಳೆಗಾಲದಲ್ಲಿ ಬೂಷ್ಟು ಹಿಡಿದರೆ ಎಲ್ಲವೂ ತಿಪ್ಪೆಗೆ. ಬಿಡಿಯಾಗಿ 15 ಕೆಜಿ ತನ್ನಿ. ಜೋಳ, ರಾಗಿ ಸ್ವಂತ ಹೊಲದ್ದಾದರೆ ಮಾತ್ರ ಕಾಳು ಗಿಟ್ಟುತ್ತೆ.

ಎಡವುವುದು ಪೋಷಣೆಯಲ್ಲಿ. ಮ್ಯಾಶ್‌ನಲ್ಲಿ ಪ್ರೋಟೀನ್ ಶೇ. 16–17, ಕ್ಯಾಲ್ಸಿಯಂ ಶೇ. 3.5ರಷ್ಟು. ಬರೀ ಕಾಳಿನಲ್ಲಿ ಪ್ರೋಟೀನ್ ಶೇ. 10ರ ಆಸುಪಾಸು, ಕ್ಯಾಲ್ಸಿಯಂ ತೀರಾ ಕಡಿಮೆ. ಆಗ ಕೋಳಿ ತನ್ನ ಮೂಳೆಯಿಂದಲೇ ಸುಣ್ಣ ಎಳೆದು ಚಿಪ್ಪು ಕಟ್ಟುತ್ತದೆ. ಪಂಜರದಲ್ಲಿ ಓಡಾಡದೆ ಮೂಳೆ ಮೊದಲೇ ಸವೆದಿರುವುದರಿಂದ, ಅಟ್ಟಣೆಯಿಂದ ಹಾರಿದರೂ ಕಾಲು ಮುರಿದೀತು. ಕಾಳು ಹಾಕುವವರು ಕಡಲೆಕಾಯಿ ಹಿಂಡಿ ಬೆರೆಸಿ, ಪುಡಿಮಾಡಿದ ಕಪ್ಪೆಚಿಪ್ಪನ್ನು ಬೇರೆ ಬಟ್ಟಲಲ್ಲಿಡಿ.

ಅಜೋಲಾದಲ್ಲಿ ಶೇ. 90ಕ್ಕೂ ಹೆಚ್ಚು ನೀರು. ಅದು ಪಲ್ಯ, ಊಟವಲ್ಲ! ಬೆಳೆಸುವ ತೊಟ್ಟಿಗೆ ನೆರಳು, ಸಗಣಿ ನೀರು ಬೇಕು. ತೊಳೆಯದೆ ಕೊಟ್ಟರೆ ಮೂಸಿಯೂ ನೋಡವು.

ಹೊಸದಾಗಿ ಬಂದ, ಪುಕ್ಕ ಉದುರಿದ ಕೋಳಿಗೆ ಮ್ಯಾಶೇ ಸರಿ. ಇಡೀ ಕಾಳು ಅವಕ್ಕೆ ಗುರುತೇ ಇರದು. ಚೇತರಿಸಿ ಕೆದಕಲು ಕಲಿತ ಮೇಲೆ, ಹೊಲವಿದ್ದವರು ಎರಡು ವಾರದಲ್ಲಿ ನಿಧಾನವಾಗಿ ಕಾಳಿಗೆ ಬದಲಿಸಬಹುದು. ದನವೂ ನೀರೂ ಇದ್ದವರಿಗೆ ಜೊತೆಗೆ ಅಜೋಲಾ.