ದಪ್ಪ ಬಿಳಿ ಕೂದಲಿಗೆ ಮೆಹಂದಿ, ಇಂಡಿಗೋ: 4 ವರ್ಷ ಹಚ್ಚಿದ ಮೇಲೆ

ನನ್ನ ಕೂದಲು ಸೊಂಟದವರೆಗೆ ಇದೆ, ಒರಟು, ತುಂಬಾ ದಪ್ಪ. ಮುಂದಲೆ ಮತ್ತು ಕಿವಿ ಮೇಲೆ ಪೂರ್ತಿ ಬೆಳ್ಳಗಾಗಿದೆ. ಇಂಥ ಕೂದಲಿಗೆ ಪ್ಯಾಕೆಟ್ ಮೇಲೆ ಬರೆದ ಅಳತೆಯೂ ಸಾಲುವುದಿಲ್ಲ, ಸಮಯವೂ ಸಾಲುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಪುಡಿ ಡೈ ಹಚ್ಚುತ್ತಿದ್ದೆ. ಅರ್ಧ ಗಂಟೆಯಲ್ಲಿ ಕಪ್ಪಾಗುತ್ತಿತ್ತು, ಖರ್ಚೂ ಕಡಿಮೆ. ಒಂದು ಸಲ ಕಿವಿ ಹಿಂದೆ ತುರಿಕೆ ಶುರುವಾಗಿ, ಮಾರನೇ ದಿನ ಎದ್ದಾಗ ಕಣ್ಣಿನ ರೆಪ್ಪೆ ಊದಿಕೊಂಡಿತ್ತು. ಡೈಯಲ್ಲಿರುವ ಪಿಪಿಡಿ ಅನ್ನೋ ಬಣ್ಣದ ರಾಸಾಯನಿಕ ನಿಮಗೆ ಒಗ್ಗುತ್ತಿಲ್ಲ, ಮತ್ತೆ ಹಚ್ಚಲೇಬೇಡಿ ಅಂದರು ಡಾಕ್ಟರ್. ಸರಿ ಅಂತ ಬ್ಲ್ಯಾಕ್ ಮೆಹಂದಿ ತಂದೆ. ಡಬ್ಬಿ ಹಿಂದೆ ಸಣ್ಣ ಅಕ್ಷರದಲ್ಲಿ ನೋಡಿದರೆ ಅದರಲ್ಲೂ ಪಿಪಿಡಿ! ದಯವಿಟ್ಟು ಓದಿ ತಗೊಳ್ಳಿ. ಬರೀ ಮೆಹಂದಿ ಬಿಳಿ ಕೂದಲನ್ನು ಕೆಂಪು ಮಾಡುತ್ತದೆ ಅಷ್ಟೇ, ಕಪ್ಪು ಮಾಡುವುದಿಲ್ಲ. ಕಪ್ಪು ಬೇಕಿದ್ದರೆ ಅದರ ಮೇಲೆ ಇಂಡಿಗೋ, ಅಂದರೆ ನೀಲಿ ಗಿಡದ ಸೊಪ್ಪಿನ ಪುಡಿ ಹಚ್ಚಬೇಕು.

ಹಾಸನದ ಕಟ್ಟಿನಕೆರೆ ಮಾರ್ಕೆಟ್ ಕಡೆ ಹೋದಾಗ ಎರಡನ್ನೂ ಬೇರೆ ಬೇರೆ ಪ್ಯಾಕೆಟ್ ತರುತ್ತೇನೆ. 100 ಗ್ರಾಂ ಮೆಹಂದಿಗೆ ಸುಮಾರು 60 ರೂಪಾಯಿ, ಇಂಡಿಗೋಗೆ 120 ಕೊಟ್ಟಿದ್ದೇನೆ. ಪೂರ್ತಿ ತಲೆಗೆ ಎರಡೂ ಕಾಲು ಕಾಲು ಕೆಜಿ ಬೇಕು, ಆದರೆ ಅದು ಮೊದಲನೇ ಸಲ ಮಾತ್ರ. ಆಮೇಲೆ ಬುಡಕ್ಕಷ್ಟೇ 75 ಗ್ರಾಂ ಸಾಕು. ಕೂದಲು ತಿಂಗಳಿಗೆ ಒಂದು, ಒಂದೂವರೆ ಸೆಂಟಿಮೀಟರ್ ಬೆಳೆದರೆ ಹೆಚ್ಚು, ತುದಿವರೆಗೂ ಪ್ರತಿ ಸಲ ಬಳಿದು ಸುಮ್ನೆ ಪುಡಿ ಯಾಕೆ ದಂಡ ಮಾಡೋದು?

ಹಿಂದಿನ ದಿನ ಶಾಂಪೂ ಹಾಕಿ ಎಣ್ಣೆ ಪೂರ್ತಿ ತೆಗೆಯಬೇಕು. ಮೆಹಂದಿಯನ್ನು ಟೀ ಡಿಕಾಕ್ಷನ್‌ನಲ್ಲಿ ಕಲಸಿ ರಾತ್ರಿ ಇಡುತ್ತೇನೆ. ಹಚ್ಚುವಾಗ ಬೈತಲೆಗಿಂತ ಮೊದಲು ಕಿವಿ ಮೇಲಿನ ಕೂದಲಿಗೆ ಹಚ್ಚಿ, ಅಲ್ಲಿಯ ಬಿಳಿ ತುಂಬಾ ಹಟಮಾರಿ, ಅದಕ್ಕೆ ಎಲ್ಲಕ್ಕಿಂತ ಜಾಸ್ತಿ ಹೊತ್ತು ಸಿಗಬೇಕು. ತೆಳ್ಳಗೆ ಸವರಿದರೆ ಬಣ್ಣ ಕೂರುವುದಿಲ್ಲ. ಸಣ್ಣ ಸಣ್ಣ ಪಾಲು ಮಾಡಿ, ಬುಡ ಕಾಣದ ಹಾಗೆ ಮೆತ್ತಬೇಕು. ಹಿಂಭಾಗಕ್ಕೆ ನನ್ನ ನಾದಿನಿ ಬರುತ್ತಾಳೆ, ಒಬ್ಬಳಿಗೇ ಆಗುವ ಕೆಲಸ ಅಲ್ಲ. ಮೂರು ಗಂಟೆ ಬಿಟ್ಟು ಬರೀ ನೀರಲ್ಲಿ ತೊಳೆಯುತ್ತೇನೆ.

ಇಂಡಿಗೋವನ್ನು ಮಾತ್ರ ರಾತ್ರಿ ನೆನೆಸಬೇಡಿ. ಉಗುರು ಬೆಚ್ಚಗಿನ ನೀರು, ಚಿಟಿಕೆ ಉಪ್ಪು ಹಾಕಿ ಕಲಸಿ, ಹದಿನೈದು ನಿಮಿಷಕ್ಕೆ ಹಚ್ಚಿಬಿಡಬೇಕು. ನಾನು ಮೊದಲ ಸಲ ಮೆಹಂದಿ ಜೊತೆಗೇ ನೆನೆಸಿಟ್ಟು ಇಡೀ ಪ್ಯಾಕೆಟ್ ಹಾಳಾಯಿತು, ಕೂದಲು ಕೆಂಪಾಗೇ ಉಳಿಯಿತು. ಎರಡು ಗಂಟೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡು, ಆಮೇಲೆ ತೊಳೆದಾಗ ಹಸಿರು ಛಾಯೆ ಕಂಡರೆ ಹೆದರಬೇಡಿ. ಎರಡು ದಿನದಲ್ಲಿ ಗಾಳಿ ತಾಗಿ ಕಪ್ಪಾಗುತ್ತದೆ, ಅಲ್ಲಿವರೆಗೆ ಶಾಂಪೂ ಬೇಡ.

ಕೊರತೆ ಇದೆ. ಅರ್ಧ ದಿನ ಹೋಗುತ್ತದೆ. ಮೂರು ವಾರಕ್ಕೆ ಬೈತಲೆಯಲ್ಲಿ ಬಿಳಿ ಇಣುಕುತ್ತದೆ, ಡೈ ಹಚ್ಚಿದರೂ ಅದು ತಪ್ಪುವುದಿಲ್ಲ ಬಿಡಿ. ಕೂದಲು ಒಣಗಿದ ಹಾಗೆ ಅನ್ನಿಸುತ್ತದೆ, ಮೂರನೇ ದಿನ ಕೊಬ್ಬರಿ ಎಣ್ಣೆ ಹಾಕಿದರೆ ಸರಿಹೋಗುತ್ತದೆ. ಸೊಪ್ಪಿನ ಪುಡಿಯೇ ಆದರೂ ಕಿವಿ ಹಿಂದೆ ಸ್ವಲ್ಪ ಹಚ್ಚಿ ಎರಡು ದಿನ ನೋಡಿಕೊಳ್ಳಿ. ನಮ್ಮೂರಿನ ಡಿಸೆಂಬರ್, ಜನವರಿ ಚಳಿಯಲ್ಲಿ ಬೆಳಿಗ್ಗೆ ಬೇಗ ಹಚ್ಚಿದರೆ ನಡುಕ ಬರುತ್ತದೆ, ನಾನು ಹತ್ತು ಗಂಟೆ ಮೇಲೆ ತಾರಸಿಯಲ್ಲಿ ಬಿಸಿಲಿಗೆ ಕೂತೇ ಹಚ್ಚಿಸಿಕೊಳ್ಳುತ್ತೇನೆ.