ಅರಗಿನ ತಟ್ಟೆಗೆ ಸ್ಪಿರಿಟ್ ತಾಗಿಸಬೇಡಿ: ತಾತನವರ ಹದಿನೇಳು ಗ್ರಾಮಫೋನ್ ತಟ್ಟೆಗಳು ಹಾಳಾದ ಬಗೆ

ನಮ್ಮ ತಾತನವರು ಕೂಡಿಟ್ಟಿದ್ದ ಇಪ್ಪತ್ತಮೂರು ಗ್ರಾಮಫೋನ್ ತಟ್ಟೆಗಳಲ್ಲಿ ಹದಿನೇಳು ಕಳೆದ ವರ್ಷ ಒಂದೇ ವಾರದಲ್ಲಿ ಹಾಳಾದವು. ಅವು ಬಿದ್ದು ಒಡೆಯಲಿಲ್ಲ, ಕಳುವಾಗಲೂ ಇಲ್ಲ. ಶುಚಿ ಮಾಡಿಕೊಡಿ ಎಂದು ನಾನೇ ಕೈಯಾರೆ ಒಪ್ಪಿಸಿದ ಅಂಗಡಿಯಲ್ಲಿ ಅವುಗಳನ್ನು ಸ್ಪಿರಿಟ್‌ನಿಂದ ಒರೆಸಿದರು. ಅಟ್ಟದ ಮೇಲೆ ಇಂಥದೊಂದು ಪೆಟ್ಟಿಗೆಯನ್ನು ಇಟ್ಟುಕೊಂಡಿರುವ ಮನೆಗಳು ತುಮಕೂರು, ಗುಬ್ಬಿ, ತಿಪಟೂರಿನ ಕಡೆ ಇನ್ನೂ ಇವೆ. ಆ ಮನೆಗಳವರ ಕಣ್ಣಿಗೆ ಬೀಳಲಿ ಎಂದು ನಡೆದುದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ.

ತಾತನವರು ಗುಬ್ಬಿಯವರು. 1884ರಲ್ಲಿ ಆ ಊರಿನಲ್ಲಿ ಆರಂಭವಾದ ಚನ್ನಬಸವೇಶ್ವರ ನಾಟಕ ಕಂಪನಿಯು ವೀರಣ್ಣನವರ ಕಾಲದಲ್ಲಿ ನಾಡಿಗೆಲ್ಲ ಹೆಸರಾಗಿತ್ತು. ಆ ಊರಿನ ಹುಡುಗನಿಗೆ ನಾಟಕದ ಹಾಡಿನ ಹುಚ್ಚು ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ. ಕೈಯಲ್ಲಿ ನಾಲ್ಕು ಕಾಸು ಸೇರಿದಾಗಲೆಲ್ಲ ಒಂದೊಂದು ತಟ್ಟೆ ಕೊಂಡು, ಕೀಲಿ ಕೊಟ್ಟು ತಿರುಗಿಸುವ ಯಂತ್ರದ ಮೇಲಿಟ್ಟು ಬೀದಿಯವರಿಗೆಲ್ಲ ಕೇಳಿಸುತ್ತಿದ್ದರಂತೆ. ಬಹುತೇಕ ಎಲ್ಲವೂ ಹತ್ತು ಅಂಗುಲದ ತಟ್ಟೆಗಳು, ಮಗ್ಗುಲಿಗೆ ಮೂರು ನಿಮಿಷದ ಹಾಡು. ಮೈಸೂರು ಚೌಡಯ್ಯನವರ ಪಿಟೀಲಿನದೂ ಒಂದಿತ್ತು. ತಾತನವರು ಹೋದ ಮೇಲೆ ಪೆಟ್ಟಿಗೆಯು ತುಮಕೂರಿನ ನಮ್ಮ ಮನೆಯ ಅಟ್ಟ ಸೇರಿತು. ತಗಡಿನ ಮಾಡಿನ ಕೆಳಗೆ, ಒಂದರ ಮೇಲೊಂದು ಅಡ್ಡಡ್ಡಲಾಗಿ ಪೇರಿಸಿಟ್ಟಿದ್ದ ಕಾರಣ ಕೆಲವು ಬಿಸಿಲ ಧಗೆಗೆ ಬಾಗಿದ್ದವು, ಹಲವಕ್ಕೆ ಬಿಳಿಯ ಬೂಷ್ಟು ಹಿಡಿದಿತ್ತು. ಅಷ್ಟರ ಮಟ್ಟಿಗೆ ತಪ್ಪು ನಮ್ಮದೇ. ಆದರೆ ಬೂಷ್ಟಿನ ಕೆಳಗಿನ ಹಾಡು ಆಗ ಇನ್ನೂ ಹಾಗೆಯೇ ಇತ್ತು.

ಪರಿಚಿತರೊಬ್ಬರು ಊರಿನ ಒಂದು ಅಂಗಡಿಯನ್ನು ತೋರಿಸಿದರು. ಹಳೆಯ ರೆಕಾರ್ಡುಗಳನ್ನು ಶುಚಿ ಮಾಡಿ, ಹಾಡನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಡುವುದು ಅಲ್ಲಿನ ಕೆಲಸ. ಅಂಗಡಿಯವರು ನನ್ನೆದುರಿಗೇ ಒಂದು ಎಲ್‌ಪಿ ರೆಕಾರ್ಡನ್ನು ಸ್ಪಿರಿಟ್ ಬೆರೆಸಿದ ನೀರಿನಿಂದ ಒರೆಸಿ ತೋರಿಸಿದರು. ಅದು ಕನ್ನಡಿಯ ಹಾಗೆ ಹೊಳೆಯಿತು. ನಾನು ಬೇರೇನನ್ನೂ ಕೇಳದೆ ಪೆಟ್ಟಿಗೆಯನ್ನು ಅಲ್ಲಿಯೇ ಬಿಟ್ಟು ಬಂದೆ.

ಎಂಟು ದಿನಗಳ ನಂತರ ಮನೆಗೆ ತಂದು ಮೊದಲ ತಟ್ಟೆಯನ್ನು ಹೊರತೆಗೆಯಲು ಹೋದಾಗ ಅದು ಕಾಗದದ ಚೀಲದಿಂದ ಈಚೆಗೆ ಬರಲಿಲ್ಲ. ಮೆಲ್ಲಗೆ ಬಿಡಿಸಿದರೆ ಕಾಗದದ ಒಂದು ಪದರವೇ ತಟ್ಟೆಗೆ ಅಂಟಿಕೊಂಡು ಬಂತು. ಕಡುಗಪ್ಪು ಹೊಳಪು ಹೋಗಿ ಮೈಯೆಲ್ಲ ಬೂದಿ ಬಣ್ಣಕ್ಕೆ ತಿರುಗಿತ್ತು. ಗೆರೆಗಳ ನಡುವೆ ಹತ್ತಿಯ ಎಳೆಗಳು ಹೂತುಹೋಗಿ ಒಣಗಿದ್ದವು. ಒರೆಸಿದವರ ಬೆರಳ ಗುರುತು ಒಂದೆಡೆ ಅಚ್ಚೊತ್ತಿದಂತೆ ಉಳಿದಿತ್ತು. ಉಗುರಿನಿಂದ ಸವರಿದರೆ, ಮೊದಲು ಸಣ್ಣ ಗರಗಸದಂತೆ ಕೈಗೆ ಸಿಗುತ್ತಿದ್ದ ಗೆರೆಗಳು ಸಿಗಲೇ ಇಲ್ಲ. ಯಂತ್ರದ ಮೇಲಿಟ್ಟಾಗ ಮರಳು ಜರಡಿ ಹಿಡಿದಂಥ ಸದ್ದಿನ ಹಿಂದೆ, ಬಹಳ ದೂರದಲ್ಲಿ, ಯಾರೋ ಹಾಡುತ್ತಿದ್ದರು.

ಹೀಗೇಕಾಯಿತು ಎಂಬುದನ್ನು ನನಗೆ ತಿಳಿಸಿದವರು ನಮ್ಮ ಮನೆಯ ಬಾಗಿಲ ಕೆಲಸಕ್ಕೆ ಬಂದಿದ್ದ ಬಡಗಿಯವರು. ತಟ್ಟೆಯನ್ನು ಕೈಗೆ ತೆಗೆದುಕೊಂಡು ಅಂಚನ್ನು ಉಜ್ಜಿ, ಮೂಸಿ ನೋಡಿ, “ಇದು ಅರಗಲ್ವಾ ಸಾರ್? ಬಾಗ್ಲಿಗೆ ಪಾಲಿಶ್ ಹೊಡಿಯೋಕೆ ನಾವು ಇದನ್ನೇ ಸ್ಪಿರಿಟ್‌ನಲ್ಲಿ ನೆನೆಹಾಕಿ ಕರಗಿಸ್ತೀವಿ” ಎಂದರು.

ವಿಷಯವೆಲ್ಲ ಅವರ ಆ ಮಾತಿನಲ್ಲಿಯೇ ಇದೆ. ಎಲ್‌ಪಿ ಎಂಬುದು 1948ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದದ್ದು; ಅದು ವಿನೈಲ್ ಎಂಬ ಪ್ಲಾಸ್ಟಿಕ್, ನೀರು ಬೆರೆಸಿದ ಸ್ಪಿರಿಟ್ಟನ್ನು ತಡೆದುಕೊಳ್ಳುತ್ತದೆ. ಅದಕ್ಕಿಂತ ಮೊದಲಿನ, ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆ ಅರಗಿನದು. ಮರದ ರೆಂಬೆಗಳ ಮೇಲೆ ಅರಗಿನ ಹುಳು ಸ್ರವಿಸುವ ಅಂಟನ್ನು ಕಾಯಿಸಿ, ಅದಕ್ಕೆ ನುಣ್ಣನೆಯ ಕಲ್ಲಿನ ಪುಡಿ, ಹತ್ತಿಯ ನಾರು, ಕಪ್ಪು ಬಣ್ಣಕ್ಕೆ ಮಸಿ ಬೆರೆಸಿ ಅಚ್ಚಿನಲ್ಲಿ ಒತ್ತಿ ಮಾಡಿದ್ದು. ಚನ್ನಪಟ್ಟಣದ ಬೊಂಬೆಗಳಿಗೆ ಬಣ್ಣ ಹಿಡಿಸುವುದೂ ಇದೇ ಅರಗು. ಇದು ಬೆಂಕಿಗೆ ಎಷ್ಟು ಸುಲಭವಾಗಿ ಸೋಲುತ್ತದೆ ಎಂಬುದು ಪಾಂಡವರ ಅರಗಿನ ಮನೆಯ ಕಥೆ ಕೇಳಿ ಬೆಳೆದ ನಮಗೆಲ್ಲ ಗೊತ್ತು. ಸ್ಪಿರಿಟ್‌ಗೂ ಅಷ್ಟೇ ಸುಲಭವಾಗಿ ಸೋಲುತ್ತದೆ ಎಂಬುದು ಬಡಗಿಗಳಿಗೆ ಮಾತ್ರ ಗೊತ್ತಿರುವಂತೆ ಕಾಣುತ್ತದೆ. ಹಾಡು ಇರುವುದು ಗೆರೆಯ ಗೋಡೆಗಳ ಏರಿಳಿತದಲ್ಲಿ. ಮೇಲ್ಮೈ ಕರಗಿ ಮತ್ತೆ ಗಟ್ಟಿಯಾದರೆ ಆ ಏರಿಳಿತವೇ ಅಳಿಸಿಹೋಗುತ್ತದೆ, ಅದನ್ನು ಮರಳಿ ತರುವ ದಾರಿ ಯಾವುದೂ ಇಲ್ಲ.

ಪೆನ್‌ಡ್ರೈವ್‌ನಲ್ಲಾದರೂ ಹಾಡು ಉಳಿದಿರಬಹುದು ಎಂದುಕೊಂಡಿದ್ದೆ. ಅಲ್ಲಿಯೂ ಇರಲಿಲ್ಲ. ಒರೆಸಿದ ಮೇಲೆ ಇಳಿಸಿದ್ದರಿಂದ ಹಾಳಾದ ಸದ್ದೇ ಅದರಲ್ಲಿ ತುಂಬಿತ್ತು. ಅದೂ ಅಲ್ಲದೆ ಎಲ್‌ಪಿಗೆ ಬಳಸುವ ಮುಳ್ಳಿನಿಂದಲೇ ಇಳಿಸಿದ್ದರು. 78ರ ತಟ್ಟೆಯ ಗೆರೆ ಎಲ್‌ಪಿಯ ಗೆರೆಗಿಂತ ಸುಮಾರು ಮೂರು ಪಟ್ಟು ಅಗಲ. ಎಲ್‌ಪಿಯ ಸಣ್ಣ ಮುಳ್ಳು ಗೋಡೆಗಳನ್ನು ಹಿಡಿಯಲಾರದೆ ಗೆರೆಯ ತಳದ ಕಸದಲ್ಲಿ ಉರುಳಾಡುತ್ತದೆ. ಇದಕ್ಕೆ 75 ಮೈಕ್ರಾನ್‌ನ ಆಸುಪಾಸಿನ ದಪ್ಪ ತುದಿಯ ಮುಳ್ಳೇ ಬೇಕು.

ಅಂಗಡಿಯವರು ಮೋಸಗಾರರಲ್ಲ ಎಂಬುದನ್ನು ಹೇಳಲೇಬೇಕು. ವಿಷಯ ತಿಳಿಸಿದಾಗ ಅವರ ಮುಖ ಬಾಡಿತು, ಹಣವನ್ನೆಲ್ಲ ಹಿಂದಿರುಗಿಸಿದರು. ಅವರಿಗೆ ತಿಳಿದಿರಲಿಲ್ಲ, ಅಷ್ಟೇ. ಆದರೆ ತಿಳಿಯದ ಕೈಗೆ ಸಿಕ್ಕಿ ಹಾಳಾದ ತಟ್ಟೆಯೂ ಹಾಳಾದದ್ದೇ. ಆದ್ದರಿಂದ ಪೆಟ್ಟಿಗೆಯನ್ನು ಯಾರ ಕೈಗಾದರೂ ಕೊಡುವ ಮೊದಲು ಯಾವ ದ್ರವದಿಂದ ಒರೆಸುತ್ತೀರಿ, 78ಕ್ಕೆ ಬೇರೆ ಮುಳ್ಳು ಇದೆಯೇ ಎಂಬ ಎರಡು ಪ್ರಶ್ನೆಗಳನ್ನು ದಯವಿಟ್ಟು ಕೇಳಿ. ನಿಮ್ಮ ತಟ್ಟೆ ಯಾವ ಬಗೆಯದೆಂದು ತಿಳಿಯದಿದ್ದರೆ ಕೈಯಲ್ಲಿ ಹಿಡಿದು ನೋಡಿ: ಅರಗಿನದು ಸ್ಲೇಟಿನಂತೆ ಭಾರ, ಬಾಗಿಸಲು ಹೋದರೆ ಮುರಿಯುತ್ತದೆ, ಸಾಮಾನ್ಯವಾಗಿ ಮಗ್ಗುಲಿಗೆ ಒಂದೇ ಹಾಡು. ಅನುಮಾನವಿದ್ದರೆ ಅರಗಿನದೆಂದೇ ಎಣಿಸಿ.

ಅಂಗಡಿಯವರು ಇನ್ನೂ ಮುಟ್ಟದೆ ಬಿಟ್ಟಿದ್ದ ಆರು ತಟ್ಟೆಗಳನ್ನು ಆಮೇಲೆ ನಾನೇ ತೊಳೆದೆ. ನಮ್ಮ ಕಡೆಯ ಬೋರ್‌ವೆಲ್ ನೀರು ಒಣಗಿದರೆ ಬಿಳಿಯ ಉಪ್ಪು ಉಳಿಸುತ್ತದೆ, ಅದು ಗೆರೆಯೊಳಗೆ ಸೇರಬಾರದು. ಹಾಗಾಗಿ ಡಿಸ್ಟಿಲ್ಡ್ ವಾಟರ್ ತಂದು, ಲೀಟರಿಗೆ ಎರಡು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ, ಮೆತ್ತನೆಯ ಬ್ರಷ್‌ನಿಂದ ಗೆರೆ ಸುತ್ತುವ ದಿಕ್ಕಿನಲ್ಲಿಯೇ ಉಜ್ಜಿದೆ. ನಡುವಿನ ಚೀಟಿಗೆ ನೀರು ತಾಗದಂತೆ ನೋಡಿಕೊಂಡೆ. ನೆನೆಹಾಕಲಿಲ್ಲ. ಮತ್ತೆ ಬರಿಯ ಡಿಸ್ಟಿಲ್ಡ್ ವಾಟರ್‌ನಿಂದ ತೊಳೆದು, ಕೂಡಲೇ ಹಳೆಯ ಪಂಚೆಯಿಂದ ತೇವ ಹೀರಿಸಿ, ಅಡುಗೆಮನೆಯ ತಟ್ಟೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ನೆರಳಿನಲ್ಲಿ ಒಣಗಿಸಿದೆ. ಕೂದಲೆಳೆಯಷ್ಟು ಬಿರುಕಿದ್ದ ಒಂದಕ್ಕೆ ಮಾತ್ರ ನೀರು ಸೋಕಿಸದೆ ಒಣ ಬ್ರಷ್‌ನಿಂದ ಧೂಳು ತೆಗೆದೆ. ಬಿರುಕಿನೊಳಕ್ಕೆ ನೀರು ಇಳಿದರೆ ತಟ್ಟೆ ಉಬ್ಬುವ ಅಪಾಯವಿದೆ. ಕೀಲಿಯ ಯಂತ್ರದಲ್ಲಿ ಕೇಳುವಾಗ ಒಂದು ಮಗ್ಗುಲಿಗೆ ಒಂದು ಉಕ್ಕಿನ ಮುಳ್ಳು, ಮುಗಿದೊಡನೆ ಅದನ್ನು ಎಸೆಯುವುದು. ಸವೆದ ಮುಳ್ಳು ಗೆರೆಯನ್ನು ಕೊರೆಯುತ್ತದೆ.

ಈಗ ಆ ಆರೂ ಹೊಸ ಕಾಗದದ ಚೀಲಗಳಲ್ಲಿ, ಅಟ್ಟದಿಂದ ಇಳಿದು, ಬಿಸಿಲು ಬೀಳದ ಒಳಕೋಣೆಯ ಬೀರುವಿನಲ್ಲಿ ನೆಟ್ಟಗೆ ನಿಂತಿವೆ. ಬೂಷ್ಟು ಹಿಡಿದ ಹಳೆಯ ಚೀಲಗಳ ಮೇಲೆ ಅಂದಿನ ಅಂಗಡಿಗಳ ಹೆಸರು, ತಾತನವರ ಕೈಬರಹ ಇರುವುದರಿಂದ ಅವುಗಳನ್ನು ಬೇರೆಯಾಗಿ ಇಟ್ಟಿದ್ದೇನೆ. ಚೌಡಯ್ಯನವರ ಪಿಟೀಲು ಉಳಿದ ಆರರಲ್ಲಿ ಇದೆ. ತಾತನವರು ದಿನವೂ ಸಂಜೆ ಹಾಕುತ್ತಿದ್ದರೆಂದು ಅಮ್ಮ ಹೇಳುವ ನಾಟಕದ ಹಾಡು ಹದಿನೇಳರಲ್ಲಿ ಹೋಯಿತು. ಚೀಟಿಯ ಮೇಲಿನ ಅಕ್ಷರಗಳೂ ಸ್ಪಿರಿಟ್‌ಗೆ ಕದಡಿರುವುದರಿಂದ, ಅದೇ ಹಾಡಿನ ಇನ್ನೊಂದು ಪ್ರತಿಯನ್ನು ಹುಡುಕೋಣವೆಂದರೆ ತಟ್ಟೆಯ ಸಂಖ್ಯೆಯೂ ಓದಲು ಸಿಗುತ್ತಿಲ್ಲ.